ತಗ್ಗಿದ ದನಿ



ಈಗ ತಾನೆ ಓದಿದ ಬೈಬಲ್ ಪಾಠದಲ್ಲಿ ಸೇನಾಪತಿ ನಾಮಾನನ ಕಥೆ ಕೇಳಿದಿರಿ. ಕುಷ್ಠ ವಾಸಿಯಾಗಬೇಕಾದರೆ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಬೇಕೆಂದು ಪ್ರವಾದಿ ಎಲೀಷನು ಹೇಳಿ ಕಳುಹಿಸಿದಾಗ ಆ ಸೇನಾಪತಿ ಸಿಟ್ಟಿನಿಂದ ಹೊರಟೇಬಿಟ್ಟ. ತಡೆದವರು ಯಾರು? ಅವನ ಆಳುಗಳು. ಯಜಮಾನನ ಕೋಪದ ಮುಂದೆ ಬಾಯಿ ತೆರೆಯಲು ಅವರಿಗೆ ಎಷ್ಟು ಎದೆಗಾರಿಕೆ ಬೇಕಿತ್ತೋ, ಅವರ ಮಾತು ಕೇಳಿ ಹೊಳೆಗಿಳಿಯಲು ಅವನಿಗೂ ಅಷ್ಟೇ ಬೇಕಿತ್ತು.

ಈ ಪಾಠ ಓದಿದಾಗಲೆಲ್ಲ ನನಗೆ 1982ರ ಜನವರಿ 13ರ ದುರಂತ ನೆನಪಾಗುತ್ತದೆ. ವಾಷಿಂಗ್ಟನ್ ನಗರದಲ್ಲಿ ಅಂದು ಹಿಮ ಸುರಿಯುತ್ತಿತ್ತು. ಏರ್ ಫ್ಲಾರಿಡಾ 90 ವಿಮಾನದಲ್ಲಿ 79 ಜನ. ರೆಕ್ಕೆಯ ಹಿಮ ತೊಳೆದು ಮುಕ್ಕಾಲು ಗಂಟೆ ಮೀರಿತ್ತು, ಮತ್ತೆ ಹಿಮ ಕೂತಿತ್ತು. ಎಂಜಿನ್‌ನಲ್ಲಿ ಮಂಜುಗಡ್ಡೆ ಕಟ್ಟದಂತೆ ಕಾಯುವ ಬಿಸಿಗಾಳಿಯ ಸ್ವಿಚ್ಚನ್ನು ಹಾಕಿರಲಿಲ್ಲ. ಎಂಜಿನ್ನಿನ ಮೂತಿಯಲ್ಲಿ ಒತ್ತಡ ಅಳೆಯುವ ಪುಟ್ಟ ಕೊಳವೆ ಮಂಜಿನಿಂದ ಮುಚ್ಚಿಹೋಯಿತು. ಎಂಜಿನ್ನಿನ ನೂಕುಬಲ ತಿಳಿಸುವ ಮಾಪಕದ ಮುಳ್ಳು ತೋರಿಸಿದ್ದು 2.04, ನಿಜಕ್ಕೂ ಇದ್ದದ್ದು 1.70 ಮಾತ್ರ.

ಆದರೂ ಒಬ್ಬನಿಗೆ ಅನುಮಾನ ಬಂತು. ಅಂದು ವಿಮಾನ ಓಡಿಸುತ್ತಿದ್ದವನು ಸಹಪೈಲಟ್, ರನ್‌ವೇ ಮೇಲಿನ ಓಟ ನಿಲ್ಲಿಸುವ ತೀರ್ಮಾನ ಕ್ಯಾಪ್ಟನ್‌ನದು. ಮಾಪಕಗಳನ್ನು ನೋಡಿ ಸಹಪೈಲಟ್, ಇದು ಸರಿ ಕಾಣುತ್ತಿಲ್ಲ ಅಂದ. ಸರಿಯಾಗೇ ಇದೆ ಅಂದ ಕ್ಯಾಪ್ಟನ್, ವೇಗ ಹೇಳಿದ. ಇಲ್ಲ, ನನಗೆ ಸರಿ ಅನ್ನಿಸುತ್ತಿಲ್ಲ ಎಂದು ಇವನು ಮತ್ತೊಮ್ಮೆ ಅಂದ. ಅದರ ಬೆನ್ನಿಗೇ, ಇರಬಹುದೇನೋ ಅಂದ. ಆಮೇಲೆ, ಗೊತ್ತಿಲ್ಲ ಅಂದ.

ಆ ‘ಇರಬಹುದೇನೋ’ ನಮಗೇನು ಹೊಸದಲ್ಲ. ಸೊಸೆ ಅತ್ತೆಯ ಮುಂದೆ, ಕೂಲಿಯವನು ಮೇಸ್ತ್ರಿಯ ಮುಂದೆ, ಕಣ್ಣಾರೆ ಕಂಡದ್ದನ್ನು ತಾವೇ ನುಂಗಿಕೊಳ್ಳುವಾಗ ಆಡುವ ಮಾತು ಅದು.

ನೆಲ ಬಿಟ್ಟ ಅರ್ಧ ನಿಮಿಷಕ್ಕೆ ವಿಮಾನ ಸೇತುವೆಗೆ ಬಡಿದು, ಮಂಜುಗಡ್ಡೆ ಕಟ್ಟಿದ್ದ ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 74 ಮಂದಿ, ಸೇತುವೆ ಮೇಲಿದ್ದ 4 ಮಂದಿ ತೀರಿಹೋದರು. ನೀರಿನಲ್ಲಿ ವಿಮಾನದ ಬಾಲ ಹಿಡಿದು ತೇಲುತ್ತಿದ್ದವರಲ್ಲಿ ಆರ್ಲಂಡ್ ವಿಲಿಯಮ್ಸ್ ಎಂಬವರು, ಹೆಲಿಕಾಪ್ಟರ್‌ನಿಂದ ಬಂದ ಹಗ್ಗವನ್ನು ಇತರರಿಗೆ ದಾಟಿಸಿ ತಾವು ಮುಳುಗಿದರು. ಆ ಸೇತುವೆಗೆ ಈಗ ಅವರ ಹೆಸರಿದೆ. ಅವರಿಗಾಗಿ ದೇವರಿಗೆ ಸ್ತೋತ್ರ. ಆದರೆ ಆ ಹಗ್ಗವೇ ಬೇಕಾಗದಂತೆ ಮಾಡಬಹುದಾಗಿದ್ದ ಒಂದು ಮಾತು ರನ್‌ವೇ ಮೇಲೆಯೇ ತಗ್ಗಿಹೋಗಿತ್ತಲ್ಲ ಎಂಬ ಸಂಕಟ ನನ್ನನ್ನು ಬಿಡುವುದಿಲ್ಲ.

ಬಿಡದಿರಲು ಕಾರಣವಿದೆ. ಹೋದ ಕ್ರಿಸ್‌ಮಸ್‌ನಲ್ಲಿ ಮನೆಮನೆ ಕ್ಯಾರಲ್ ಹಾಡಲು ಮಕ್ಕಳನ್ನು ವ್ಯಾನಿಗೆ ಹತ್ತಿಸುವಾಗ ನಮ್ಮ ಯೌವನಸ್ಥರಲ್ಲೊಬ್ಬ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. “ಅಯ್ಯನವರೇ, ಟೈರು ಪೂರ್ತಿ ಸವೆದಂಗಿದೆ.” ನನಗೋ ಹೊತ್ತಾಗಿತ್ತು. “ಹತ್ತಿರದ ಊರು ತಾನೆ, ಬಾರಪ್ಪ” ಅಂದೆ. “ಇರ್ಲಿ ಬಿಡಿ ಅಯ್ಯನವರೇ” ಅಂತ ಕೈ ಒರೆಸಿಕೊಂಡು ಎದ್ದ. ಅಂದು ಏನೂ ಆಗಲಿಲ್ಲ. ಆಗಲಿಲ್ಲ ಎಂಬುದು ನನ್ನ ತಪ್ಪನ್ನು ಅಳಿಸುವುದಿಲ್ಲ. ಆಮೇಲೆ ಅವನು ನನ್ನ ಮುಂದೆ ಯಾವ ವಿಷಯಕ್ಕೂ ಬಾಯಿ ಬಿಡಲಿಲ್ಲ, ಅದನ್ನು ಗಮನಿಸಲು ನನಗೆ ತಿಂಗಳುಗಳೇ ಬೇಕಾದವು.

ಮೊನ್ನೆ ಗುರುವಾರ ಅವನ ಮನೆಗೆ ಹೋದೆ. ಕ್ಷಮಿಸಪ್ಪ ಅಂದೆ. ಸಭೆಯಲ್ಲಿ ನಿನ್ನ ಕಣ್ಣಿಗೆ ಸರಿ ಕಾಣದ್ದು ಇನ್ನೇನಾದರೂ ಇದೆಯಾ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಒಳಗೆ ಹೋಗಿ ನನಗೊಂದು ಕುರ್ಚಿ ತಂದು ಹಾಕಿದ.