ಯುದ್ಧದ ತಿರುವೂ ಯೋಧನ ಋಣವೂ

ಮಹಾಯುದ್ಧಗಳ ಚರಿತ್ರೆಯನ್ನು ಬರೆಯುವವರು ಅವುಗಳ ತಿರುವುಗಳನ್ನು ಎಣಿಸಿ ಹೇಳುವುದು ವಾಡಿಕೆ. 1914ರಲ್ಲಿ ತೊಡಗಿದ ಜಗದ್ಯುದ್ಧದಲ್ಲಿ ಆ ವರ್ಷದ ಸೆಪ್ಟೆಂಬರಿನ ಮಾರ್ನ್ ನದಿಯ ಕಾಳಗವು ಮೊದಲನೆಯ ತಿರುವು. 1917ರ ಏಪ್ರಿಲಿನಲ್ಲಿ ಅಮೆರಿಕವು ಸಮರಕ್ಕಿಳಿದುದು ಎರಡನೆಯದು. 1918ರ ಆಗಸ್ಟ್ 8ರಂದು ಆಮಿಯೆನ್ಸಿನ ಬಳಿ ಜರ್ಮನರು ಹಿಮ್ಮೆಟ್ಟಿದುದು ಮತ್ತೊಂದು. ನಮ್ಮ ಪುರಾಣಿಕರೂ ಭಾರತಯುದ್ಧದ ಹತ್ತನೆಯ ದಿನ ಭೀಷ್ಮನು ಬಿದ್ದುದನ್ನು ಹೀಗೆಯೇ ಎತ್ತಿ ಹೇಳುವರು. ಆದರೆ ಈ ಎಣಿಕೆಗೆ ಸೇರದ ಕದನಗಳಲ್ಲಿ ಮಡಿದವರ ಬೆಲೆಯೇನು? ಫಲದ ಹಿರಿಮೆಯೇ ಕರ್ಮದ ತೂಕವನ್ನು ನಿರ್ಣಯಿಸತಕ್ಕುದೇ?

ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಬೆಂಗಳೂರಿನ ಆರ್. ಟಿ. ನಗರಕ್ಕೆ ಸಮೀಪದ ಜೆ. ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕಸ್ತಂಭವುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಈ ದಳವು 1914ರಲ್ಲಿ ಈಜಿಪ್ಟಿಗೆ ತೆರಳಿ, ಸೂಯೆಜ್ ಕಾಲುವೆಯ ಕಾವಲಿನಲ್ಲಿಯೂ ಬಳಿಕ ಪ್ಯಾಲೆಸ್ಟೈನಿನಲ್ಲಿಯೂ ಸೇವೆಮಾಡಿತು. 1918ರ ಸೆಪ್ಟೆಂಬರ್ 23ರಂದು ಅದು ಜೋಧಪುರದ ದಳದೊಡನೆ ಹೈಫಾ ರೇವುಪಟ್ಟಣದ ಮೇಲೆ ಏರಿಹೋಯಿತು. ಒಂದು ಕಡೆ ಕಿಶೋನ್ ನದಿಯ ಕೆಸರು, ಮತ್ತೊಂದು ಕಡೆ ಕಾರ್ಮೆಲ್ ಬೆಟ್ಟ. ಎದುರಿಗೆ ಫಿರಂಗಿಗಳೂ ಯಂತ್ರಬಂದೂಕುಗಳೂ. ಇವರ ಕೈಯಲ್ಲಿ ಮುಖ್ಯವಾಗಿ ಭರ್ಜಿ, ಕತ್ತಿ. ಮೈಸೂರಿನವರ ಒಂದು ತುಕಡಿ ಬೆಟ್ಟವನ್ನೇರಿ ಫಿರಂಗಿಗಳನ್ನು ಹಿಡಿಯಿತು. ಜೋಧಪುರದ ಮೇಜರ್ ದಲ್ಪತ್ ಸಿಂಗರು ಮಡಿದರು. ಪಟ್ಟಣವು ಅಂದೇ ವಶವಾಯಿತು. ಸಾವಿರಕ್ಕೂ ಮಿಕ್ಕ ಶತ್ರುಗಳು ಜೀವಸಹಿತ ಸೆರೆಸಿಕ್ಕರು.

ನಿಜವನ್ನು ಹೇಳಬೇಕಾದರೆ, ಹೈಫಾ ಯುದ್ಧದ ತಿರುವಲ್ಲ. ಸೆಪ್ಟೆಂಬರ್ 19ರಂದೇ ಮೆಗಿದ್ದೋ ಸಮರದಲ್ಲಿ ತುರ್ಕಿಯ ವ್ಯೂಹವು ಮುರಿದಿತ್ತು. ಅಕ್ಟೋಬರ್ 30ರಂದು ಅದು ಕದನವಿರಾಮಕ್ಕೆ ಒಪ್ಪಿತು. ಫಲವನ್ನೇ ತೂಗುವವರಿಗೆ ಈ ಸಾಹಸವು ಅಲ್ಪವೆನಿಸೀತು.

ಇದಕ್ಕಿಂತಲೂ ಕಠಿಣವಾದ ಆಕ್ಷೇಪವೊಂದುಂಟು: ಅದು ಯಾರ ಯುದ್ಧ? ಹೆಬ್ಬಾಳದಲ್ಲಿ 2018ರಲ್ಲಿ ದೊರೆತ, ಸುಮಾರು 750ರ ಗಂಗರಸ ಶ್ರೀಪುರುಷನ ಕಾಲದ ವೀರಗಲ್ಲು ಕಿತ್ತಯ್ಯನೆಂಬವನದು. ರಟ್ಟವಾಡಿಯ ಪಡೆ ನಾಡಿನ ಮೇಲೆ ಬಂದಾಗ ಅವನು ಕಾದಿ ಸತ್ತನು. ಯಾವ ಚರಿತ್ರಕಾರನೂ ಅದನ್ನು ತಿರುವೆಂದು ಎಣಿಸಿಲ್ಲ. ಆದರೂ ಅವನ ಸಾವಿನ ಅರ್ಥದಲ್ಲಿ ಯಾರಿಗೂ ಸಂಶಯವಿಲ್ಲ. ಮೈಸೂರಿನ ಸವಾರನಾದರೋ ತನಗೆ ವೈರವಿಲ್ಲದವರೊಡನೆ, ತನ್ನದಲ್ಲದ ನೆಲದಲ್ಲಿ, ಪರರ ಸಾಮ್ರಾಜ್ಯಕ್ಕಾಗಿ ಹೋರಾಡಿದನು.

ಹಳಗನ್ನಡದವರು ಇದಕ್ಕೆ ಜೋಳವಾಳಿಯೆಂಬ ಉತ್ತರವನ್ನು ಕೊಡುತ್ತಿದ್ದರು. ಒಡೆಯನ ಅನ್ನವನ್ನುಂಡವನು ಪ್ರಾಣಕೊಟ್ಟು ಋಣ ತೀರಿಸಬೇಕು. ಧರ್ಮವು ಪಾಂಡವರ ಕಡೆಗಿದೆಯೆಂದು ಬಲ್ಲ ಭೀಷ್ಮನೂ ಈ ಋಣಕ್ಕೇ ಕಟ್ಟುಬಿದ್ದನು. ಆದರೆ ಇಷ್ಟೇ ಸಾಕೆಂದರೆ, ಅನ್ನವಿಕ್ಕಿದವರೆಲ್ಲ ಉಂಡವರನ್ನು ಯಾವ ಅನ್ಯಾಯಕ್ಕಾದರೂ ಹೂಡಬಹುದೆಂದಾಗುವುದು. ಹೈಫಾದಲ್ಲಿ ಕುದುರೆಗಳೂ ಬಹಳವಾಗಿ ಸತ್ತವು, ಅವುಗಳಿಗೆ ವಿಚಾರವಿಲ್ಲ. ಮನುಷ್ಯನಿಗೆ ಉಂಟು.

ಆದುದರಿಂದ ಹೊಣೆಯನ್ನು ವಿಂಗಡಿಸಬೇಕು. ಯುದ್ಧವನ್ನು ಹೂಡಿದ ಪುಣ್ಯಪಾಪಗಳು ಕಳುಹಿಸಿದವರವು; ಕೊಟ್ಟ ಮಾತನ್ನುಳಿಸಿದುದೂ, ಶರಣಾದವನ ಮೇಲೆ ಕತ್ತಿಯೆತ್ತದಿರುವುದೂ ಸೈನಿಕನ ಸ್ವಂತದ್ದು. ಚರಿತ್ರೆಯ ತಿರುವು ಅವನ ಕೈಯಲ್ಲಿಲ್ಲ. ಕತ್ತಿಯ ತಿರುವು ಅವನ ಕೈಯಲ್ಲಿದೆ. ಆ ಸ್ತಂಭದ ಮುಂದೆ ನಿಂತ ಮಕ್ಕಳಿಗೆ ಮಡಿದವರಿಗೆ ತಲೆಬಾಗುವುದನ್ನೂ, ಕಳುಹಿಸಿದವರನ್ನು ಪ್ರಶ್ನಿಸುವುದನ್ನೂ ಒಟ್ಟಿಗೇ ಕಲಿಸಬೇಕು. ಒಂದನ್ನು ಬಿಟ್ಟರೆ ಮತ್ತೊಂದು ಅರೆಪಾಠವಾಗುವುದು.