ಎಲ್ಲೆಯೂ ವೈದ್ಯಧರ್ಮವೂ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಒಂದು ಭಾವನೆಯುಂಟು. ಚಳಿಗಾಲದಲ್ಲಿ ಬಂದು ಊರೊಳಗಣ ಹುಣಸೆಮರಗಳಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ಅಲ್ಲಿಯ ಜನರು ಬಾಣಂತನಕ್ಕೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದು ಎಣಿಸುವರು. ಮರಗಳು ಊರವರ ಸ್ವತ್ತು. ಹಕ್ಕಿ ನೆಲಸಿದ ಮರದ ಹುಣಸೆ ಮನೆಯವರ ಕೈಗೆ ಪೂರ್ತಿಯಾಗಿ ಬಾರದು. ಆದರೂ ಬಂದುದು ಯಾವ ಕೆರೆಯ ಹಕ್ಕಿಯೆಂದು ಕೇಳುವವರಿಲ್ಲ. 2007ರಲ್ಲಿ ಸರ್ಕಾರವು ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರುವುದಕ್ಕೆ ಬಹು ಮೊದಲೇ ಈ ಆತಿಥ್ಯವು ಊರಿನ ನಡತೆಯಾಗಿದ್ದಿತು.

ಇನ್ನು ನಿಜವಾದ ಹೆಣ್ಣುಮಗಳ ಸಂಗತಿಯನ್ನು ವಿಚಾರಿಸಬೇಕು. ಗರ್ಭಿಣಿಯೊಬ್ಬಳ ಹೆಸರು ಗಂಡನ ಊರಿನ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ದಾಖಲಾಗಿದೆಯೆಂದೂ, ತಾಯಿ ಕಾರ್ಡು ಅಲ್ಲಿಯೇ ದೊರೆತಿದೆಯೆಂದೂ, ಏಳನೆಯ ತಿಂಗಳಲ್ಲಿ ಆಕೆ ತವರಿಗೆ ಬಂದಳೆಂದೂ ಭಾವಿಸಬಹುದು. ಆ ಊರಿನ ಕಾರ್ಯಕರ್ತೆಯು “ಈಗ ತವರಿನವರು ನೋಡಿಕೊಳ್ಳುವರು” ಎಂದುಕೊಳ್ಳುವಳು. ಈ ಊರಿನವಳು “ಗಂಡನ ಮನೆಯ ಕಡೆಯವರು ನೋಡಿಕೊಂಡಿರಬೇಕು” ಎಂದುಕೊಳ್ಳುವಳು. ಇಬ್ಬರಲ್ಲಿ ಒಬ್ಬರೂ ನಿರ್ದಯರಲ್ಲ. ಇಬ್ಬರೂ ತಮ್ಮ ತಮ್ಮ ಎಲ್ಲೆಯೊಳಗೆ ನಿಷ್ಠೆಯಿಂದ ದುಡಿಯುವವರೇ. ಆದರೆ ಎಂಟನೆಯ ತಿಂಗಳಲ್ಲಿ ಆಕೆಯ ರಕ್ತದ ಒತ್ತಡವನ್ನು ಅಳೆದವರಾರೂ ಇಲ್ಲ. ತಪ್ಪು ಯಾರದು? ಎಲ್ಲೆಯೆಂಬುದು ಧರ್ಮಕ್ಕೆ ಸಾಧಕವೋ ಬಾಧಕವೋ?

ಎಲ್ಲೆಯನ್ನು ನಿಂದಿಸುವುದು ಸುಲಭ. ಆದರೆ ಅದು ಹುಟ್ಟಿದ ಕಾರಣವನ್ನು ಮರೆಯಬಾರದು. 1946ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯು ಮೊದಲ ಹಂತದಲ್ಲಿ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂದು ಸೂಚಿಸಿತು. ಈಗಿನ ಕ್ರಮದಂತೆ ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ, ಸುಮಾರು 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ. ಇಂಗ್ಲೆಂಡಿನಲ್ಲಿಯೂ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಂದಿನಿಂದ ಪ್ರಜೆಗಳು ತಮಗೆ ಸಮೀಪದ ವೈದ್ಯನ ಪಟ್ಟಿಯಲ್ಲಿ ಹೆಸರು ಬರೆಯಿಸುವ ಪದ್ಧತಿಯಿದೆ. ಇದರಲ್ಲಿ ವಿವೇಕವಿಲ್ಲದಿಲ್ಲ. ಎಲ್ಲರ ಹೊಣೆಯೆಂಬುದು ಕೊನೆಗೆ ಯಾರ ಹೊಣೆಯೂ ಆಗದು. ಇಂಥ ಬೀದಿಯ ಕೂಸಿಗೆ ಲಸಿಕೆ ಬಿದ್ದಿಲ್ಲ, ಇಂಥ ಮನೆಯ ಮುದುಕನು ಕ್ಷಯದ ಔಷಧವನ್ನು ನಡುವೆ ನಿಲ್ಲಿಸಿದನು ಎಂದು ತಿಳಿಯಬೇಕಾದರೆ, ಆ ಬೀದಿ ಆ ಮನೆಗಳು ಒಬ್ಬರ ಪಾಲಿಗೆ ಬಂದಿರಲೇಬೇಕು. ಹೆಸರುವಾಸಿಯಾದ ವೈದ್ಯನ ಬಾಗಿಲಿಗೆ ಹತ್ತೂರಿನವರು ನುಗ್ಗಿದರೆ, ನಡೆಯಲಾರದ ನೆರೆಮನೆಯ ರೋಗಿಯೇ ಕಡೆಗೆ ಉಳಿಯುವನು.

ಪ್ರಾಚೀನರೂ ವೈದ್ಯನ ಕರ್ತವ್ಯಕ್ಕೆ ಮಿತಿಯನ್ನು ಹೇಳದೆ ಇರಲಿಲ್ಲ. ಚರಕಸಂಹಿತೆಯು ರೋಗಿಗಳಲ್ಲಿ ಕಾರುಣ್ಯವನ್ನು ವೈದ್ಯವೃತ್ತಿಯ ಅಂಗವೆಂದು ಎಣಿಸಿದರೂ, ರಾಜನ ದ್ವೇಷಕ್ಕೆ ಗುರಿಯಾದವರಿಗೆ ಚಿಕಿತ್ಸೆ ಮಾಡಬಾರದೆಂದು ಶಿಷ್ಯನಿಗೆ ವಿಧಿಸುತ್ತದೆ. ಈ ಎರಡನೆಯ ಮಾತನ್ನು ಇಂದಿನ ಯಾವ ವೈದ್ಯನೂ ಒಪ್ಪಲಾರನು, ಒಪ್ಪಲೂ ಬಾರದು. ಮಿತಿಯು ಗ್ರಂಥದಲ್ಲಿದ್ದ ಮಾತ್ರಕ್ಕೆ ಧರ್ಮವಾಗದು. ಅದು ಯಾರ ಹಿತಕ್ಕಾಗಿ ಏರ್ಪಟ್ಟಿದೆಯೆಂಬುದನ್ನು ನೋಡಬೇಕು.

ಈ ಒರೆಗಲ್ಲಿನಿಂದ ನೋಡಿದರೆ ವಿಷಯವು ಸ್ಪಷ್ಟವಾಗುವುದು. ಎಲ್ಲೆಯೊಳಗಿನವರನ್ನು ಕರೆಯದಿದ್ದರೂ ಹುಡುಕಿಕೊಂಡು ಹೋಗಬೇಕೆಂಬುದು ಎಲ್ಲೆಯ ಅರ್ಥ. ಹೊರಗಿನಿಂದ ಬಂದವರನ್ನು ಹಿಂದಕ್ಕೆ ಕಳುಹಿಸಬಹುದೆಂಬುದು ಅದರ ಅರ್ಥವಲ್ಲ. ಪ್ರಾಣಾಪಾಯದ ವೇಳೆಯಲ್ಲಂತೂ ಈ ಪ್ರಶ್ನೆಯೇ ಏಳದು. ರೈಲಿನಿಂದ ಬಿದ್ದು ಗಾಯಗೊಂಡವನೊಬ್ಬನನ್ನು ಹಲವು ಸರ್ಕಾರಿ ಆಸ್ಪತ್ರೆಗಳು ಸೇರಿಸಿಕೊಳ್ಳದೆ ಹೋದ ವ್ಯಾಜ್ಯದಲ್ಲಿ, ಸಕಾಲದಲ್ಲಿ ಚಿಕಿತ್ಸೆ ದೊರೆಯದಿರುವುದು ಜೀವಿಸುವ ಹಕ್ಕಿಗೇ ಭಂಗವೆಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿತು. ಆದರೆ ತವರಿಗೆ ಬಂದ ಗರ್ಭಿಣಿಯು ಗಾಯಾಳುವಲ್ಲ. ಆಕೆಯ ಅಪಾಯವು ಸದ್ದಿಲ್ಲದೆ ಬೆಳೆಯತಕ್ಕದ್ದು. ಆದುದರಿಂದ ಅಲ್ಲಿ ಸೂಕ್ಷ್ಮವಾದ ಧರ್ಮವೊಂದು ಬೇಕು. ಕಳುಹಿಸಿದ ಊರಿನವಳು, ಆಕೆಯು ಹೋಗಿ ಸೇರಿದ ಊರಿನವಳ ಪುಸ್ತಕದಲ್ಲಿ ಹೆಸರು ಏರಿತೆಂದು ತಿಳಿಯುವವರೆಗೆ ತನ್ನ ಹೊಣೆ ತೀರಿತೆಂದು ಎಣಿಸಬಾರದು. ಬಂದ ಊರಿನವಳು ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಕಾರ್ಡು ಕೇಳಬೇಕು. ಪುಸ್ತಕಗಳನ್ನು ಸರಿಹೊಂದಿಸುವ ತೊಂದರೆಯು ಪುಸ್ತಕವನ್ನಿಟ್ಟವರದಾಗಬೇಕಲ್ಲದೆ, ತುಂಬು ಬಸುರಿಯದಾಗಬಾರದು. ಹಾಗೆಯೇ ಕೆಲಸ ಹೆಚ್ಚಿದ ಕೇಂದ್ರಕ್ಕೆ ಜನವನ್ನೂ ಔಷಧವನ್ನೂ ಹೆಚ್ಚಿಸುವುದು ಮೇಲಿನವರ ಧರ್ಮ. ಬರಿದಾದ ಕೈಯಿಂದ ಔದಾರ್ಯವನ್ನು ಬೇಡುವುದು ನ್ಯಾಯವಲ್ಲ. ಬೆಳ್ಳೂರಿನಲ್ಲಿ ಕೂಡ ಹುಣಸೆಯ ನಷ್ಟಕ್ಕೆ ಅರಣ್ಯ ಇಲಾಖೆಯು ಪರಿಹಾರ ಕೊಡುವ ಏರ್ಪಾಡು ನಡೆದುಬಂದಿರುವುದಷ್ಟೆ.

ಹಕ್ಕಿಯನ್ನು ಮಗಳೆಂದು ಕರೆದ ಊರು, ಮಗಳು ಬಂದಾಗ ಮೊದಲು ಕೇಳಬೇಕಾದುದು “ಆರೋಗ್ಯವಾಗಿದ್ದೀಯಾ, ತಾಯಿ?” ಎಂಬುದನ್ನು. “ನಿನ್ನ ಹೆಸರು ಯಾವ ಪುಸ್ತಕದಲ್ಲಿದೆ?” ಎಂಬ ಪ್ರಶ್ನೆಯೂ ಅವಶ್ಯವೇ, ಆದರೆ ಅದು ಎರಡನೆಯದು.