ಬೋಂಡ ಒಬ್ಬನೇ ಇದ್ದ

ಬೋಂಡ ಸತ್ತು ಮಣ್ಣಾದ ಮಾರನೇ ದಿನ ಆಫೀಸಿಗೆ ಹೋದೆ. ರಜೆ ಹಾಕಬಹುದಿತ್ತು, ಆದರೆ ಏನಂತ ಹಾಕೋದು? ಬೆಳಿಗ್ಗೆ ಹತ್ತೂವರೆ ಮೀಟಿಂಗಲ್ಲಿ ಹೊಸ ಟೂಲ್ ಒಂದನ್ನ ಮೊದಲು ಯಾವ ಟೀಮ್ ಬಳಸಿ ನೋಡಬೇಕು ಅನ್ನೋ ಚರ್ಚೆ ನಡೀತಿತ್ತು. ಪಕ್ಕದಲ್ಲಿ ಕೂತವನು, "ಯಾವಾಗ್ಲೂ ನಾವೇ ಗಿನಿಪಿಗ್ಗಾ ಗುರು?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪ್ಯಾಂಟ್ರಿಗೆ ಹೋಗಿ ಕಾಫಿ ಮಷೀನ್ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಬೋಂಡ ನಮ್ಮನೆ ಗಿನಿಪಿಗ್. ನಮ್ಮನೆ ಅಂದರೆ ನಾನು ಮತ್ತು ಅವನು, ಇಬ್ಬರೇ. ಕಂದು ಬಣ್ಣ, ಹಣೆ ಮೇಲೆ ಬಿಳಿ ಮಚ್ಚೆ, ಕುತ್ತಿಗೆ ಅನ್ನೋದೇ ಇಲ್ಲದ ದುಂಡು ದೇಹ. ಆಗತಾನೇ ಬಾಣಲೆಯಿಂದ ಎತ್ತಿದ ಹಾಗೆ ಕಾಣ್ತಿದ್ದ, ಅದಕ್ಕೇ ಆ ಹೆಸರು. ತಂದಿದ್ದು 2020ರ ನವೆಂಬರಿನಲ್ಲಿ. ಮಾರ್ಚಿನಲ್ಲಿ ಊರಿಗೆ ಹೋದ ರೂಮ್‌ಮೇಟ್ ವಾಪಸ್ ಬಂದಿರಲಿಲ್ಲ. ದಿನವಿಡೀ ವಿಡಿಯೋ ಕಾಲ್‌ನಲ್ಲಿ ಮಾತಾಡಿ ಲ್ಯಾಪ್‌ಟಾಪ್ ಮುಚ್ಚಿದರೆ, ಮನೆಯಲ್ಲಿ ಫ್ಯಾನ್ ಸದ್ದು ಬಿಟ್ಟು ಬೇರೇನೂ ಇಲ್ಲ. ನಾಯಿ ಸಾಕೋಕೆ ಓನರ್ ಒಪ್ಪಲ್ಲ. ಬೆಕ್ಕು ಮೂರನೇ ಮಹಡಿಯ ಬಾಲ್ಕನಿಯಿಂದ ಬಿದ್ದರೆ ಅನ್ನೋ ಭಯ. ಹಾಗಾಗಿ ಗಿನಿಪಿಗ್. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಆರೇಳು ಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. "ಜೋಡಿ ಕೊಡ್ಲಾ ಸಾರ್?" ಅಂತ ಅಂಗಡಿಯವನು ಕೇಳಿದ. "ಬೇಡ, ಒಂದು ಸಾಕು" ಅಂದೆ. ಆ ಮಾತನ್ನ ಈಗ ತುಂಬಾ ಸಲ ನೆನೆಸಿಕೊಳ್ತೀನಿ.

ಸುಖದ ದಿನಗಳು ಇರಲಿಲ್ಲ ಅಂತಲ್ಲ. ಫ್ರಿಜ್ ಬಾಗಿಲು ತೆಗೆದರೆ ಸಾಕು, ವೀಕ್ ವೀಕ್ ಅಂತ ಮನೆ ಎಲ್ಲಾ ಕೇಳೋ ಹಾಗೆ ಕೂಗ್ತಿದ್ದ. ಪ್ಲಾಸ್ಟಿಕ್ ಕವರ್ ಸರಬರ ಅಂದರೂ ಕೂಗು. ಒಮ್ಮೆ ಕ್ಲೈಂಟ್ ಕಾಲ್ ಮಧ್ಯೆ ಶುರು ಮಾಡಿಬಿಟ್ಟ, ಆ ಕಡೆಯಿಂದ "ನಿಮ್ಮನೇಲಿ ಅಲಾರಾಂ ಹೊಡ್ಕೊಳ್ತಿದೆ" ಅಂದರು. ದಿನಾ ಸಂಜೆ ಗರಿಕೆ ತರ್ತಿದ್ದೆ. ಹೂವು ಮಾರೋ ಅಮ್ಮ ಒಂದು ತಿಂಗಳು ನೋಡಿ, "ಏನ್ ಸಾಮಿ, ದಿನಾ ಗಣಪತಿ ಪೂಜೆನಾ?" ಅಂತ ಕೇಳಿದ್ದರು. ಹೌದು ಅಂದುಬಿಟ್ಟೆ. ಹೊಟ್ಟೆಯ ಆಕಾರ ನೋಡಿದರೆ ಪೂರ್ತಿ ಸುಳ್ಳೇನಲ್ಲ.

ಈ ಪ್ರಾಣಿಯ ಕಥೆಯನ್ನ ನಾನು ಓದಿದ್ದು ಅವನು ಹೋದ ಮೇಲೆ. ಗಿನಿಗೂ ಇದಕ್ಕೂ ಸಂಬಂಧ ಇಲ್ಲ, ಹಂದಿಗೂ ಇಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ ಸಾವಿರಾರು ವರ್ಷಗಳಿಂದ ಇದನ್ನ ಸಾಕಿಕೊಂಡು ಬಂದಿದ್ದಾರೆ, ತಿನ್ನೋಕೆ. ಅಲ್ಲಿ ಇದರ ಹೆಸರು ಕೂಯಿ. ಪೆರುವಿನ ಕುಸ್ಕೋ ಕೆಥೆಡ್ರಲ್‌ನಲ್ಲಿ ಮಾರ್ಕೋಸ್ ಸಪಾತಾ ಬಿಡಿಸಿದ ಏಸುವಿನ ಕೊನೆಯ ಭೋಜನದ ಚಿತ್ರ ಇದೆ. ಮೇಜಿನ ನಡುವಿನ ತಟ್ಟೆಯಲ್ಲಿ ಇರೋದು ಕೂಯಿ ಅಂತ ಬಂದವರಿಗೆಲ್ಲ ತೋರಿಸ್ತಾರೆ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಅನ್ನೋ ಇಬ್ಬರು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದರು. ಅವುಗಳಿಗೆ ಸ್ಕರ್ವಿ ಬಂತು, ಮನುಷ್ಯರಿಗೆ ಬರೋ ಹಾಗೇ. ವಿಟಮಿನ್ ಸಿ ಪತ್ತೆಯ ದಾರಿ ಅಲ್ಲಿಂದ ಸುಲಭವಾಯ್ತು. ಬೇರೆ ಬಹಳಷ್ಟು ಪ್ರಾಣಿಗಳ ದೇಹ ಅದನ್ನ ತಾನೇ ಮಾಡಿಕೊಳ್ಳುತ್ತೆ. ನಮಗೂ ಗಿನಿಪಿಗ್‌ಗಳಿಗೂ ಆಗಲ್ಲ. ನಾನು ದಿನಾ ಬೋಂಡನಿಗೆ ಕ್ಯಾಪ್ಸಿಕಂ ಹೆಚ್ಚಿ ಹಾಕ್ತಿದ್ದದ್ದು ಅದಕ್ಕೇ.

ಇದನ್ನೆಲ್ಲ ಓದುವಾಗ ಮೊದಲು ಕೋಪ ಬಂತು. ಒಬ್ಬರಿಗೆ ಊಟ, ಒಬ್ಬರಿಗೆ ಪ್ರಯೋಗದ ಸಾಮಾನು, ಪಾಪದ ಜೀವ. ನಾನಾದರೂ ಪ್ರೀತಿಯಿಂದ ಸಾಕಿದೆ ಅಂದುಕೊಂಡೆ. ಆ ಸಮಾಧಾನ ತುಂಬಾ ಹೊತ್ತು ನಿಲ್ಲಲಿಲ್ಲ.

ಅದಕ್ಕೆ ಮುಂಚೆ ಅವನು ಹೇಗೆ ಹೋದ ಅಂತ ಹೇಳಿಬಿಡ್ತೀನಿ. 2024ರ ಆಗಸ್ಟ್, ರಿಲೀಸ್ ಇದ್ದ ವಾರ. ಸೋಮವಾರ ಕೊತ್ತಂಬರಿ ದಂಟು ಹಾಗೇ ಉಳಿದಿತ್ತು, ನೋಡಿದೆ. ಹೊಟ್ಟೆ ತುಂಬಿರಬೇಕು ಅಂದುಕೊಂಡೆ. ಗಿನಿಪಿಗ್‌ಗೆ ಹೊಟ್ಟೆ ತುಂಬೋದು ಅಂತ ಇಲ್ಲ. ಅವು ಇಡೀ ದಿನ ಸ್ವಲ್ಪ ಸ್ವಲ್ಪ ಮೇಯ್ತಾನೇ ಇರಬೇಕು. ಒಂದು ದಿನ ತಿನ್ನದಿದ್ದರೂ ಕರುಳು ನಿಂತುಹೋಗೋ ಅಪಾಯ ಇರುತ್ತೆ. ಜೊತೆಗೆ ಇವು ಬೇರೆಯವರಿಗೆ ಬೇಟೆಯಾಗೋ ಪ್ರಾಣಿಗಳು, ಕಾಯಿಲೆಯನ್ನ ಕೊನೆಯವರೆಗೂ ಮುಚ್ಚಿಡ್ತವೆ. ಬುಧವಾರ ಬೆಳಿಗ್ಗೆ ಡಾಕ್ಟರ ಹತ್ತಿರ ಓಡಿದೆ. ಬಡಾವಣೆಯ ಕ್ಲಿನಿಕ್‌ನಲ್ಲಿ ನಾಯಿ, ಬೆಕ್ಕು ಮಾತ್ರ ನೋಡೋದು ಅಂದರು. ಇಂಥ ಪ್ರಾಣಿಗಳನ್ನ ನೋಡೋ ಡಾಕ್ಟರು ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ದಾರಿಯಲ್ಲೇ, ಟ್ರಾಫಿಕ್ಕಲ್ಲಿ, ಶೂ ಡಬ್ಬದೊಳಗೆ ಹೋದ. ಆಟೋದವನು ಮೀಟರ್ ನಿಲ್ಲಿಸಿ, "ಮನೆಗೇ ಬಿಡ್ಲಾ ಸಾರ್?" ಅಂದ. ಅಷ್ಟೇ ಅಂದ.

ಮೂರನೇ ಮಹಡಿಯಲ್ಲಿ ಮಣ್ಣಿಲ್ಲ. ಕುಂಡದಲ್ಲಿ ಹೂಳೋಕೆ ಮನಸ್ಸು ಬರಲಿಲ್ಲ. ಡಬ್ಬ ಹಿಡ್ಕೊಂಡು ಮಾಗಡಿಯ ಬಸ್ ಹತ್ತಿದೆ. ಅಮ್ಮ ಹಿತ್ತಿಲಲ್ಲಿ ನುಗ್ಗೆಮರದ ಬುಡ ಅಗೆದು ಕೊಟ್ಟಳು, ಒಂದು ಹಿಡಿ ಅರಿಶಿನ ಹಾಕಿದಳು. ಇಲಿಗೆ ಇಷ್ಟೊಂದಾ ಅಂತ ಕೇಳಬಹುದು ಅಂದುಕೊಂಡಿದ್ದೆ. ಕೇಳಲಿಲ್ಲ. ಬದಲಿಗೆ, ಅವಳು ಹಿಂದೆ ಯಾವಾಗಲೋ ಹೇಳಿದ್ದ ಮಾತು ನನಗೇ ನೆನಪಾಯ್ತು. ಮೊದಲ ಸಲ ಬೆಂಗಳೂರಿಗೆ ಬಂದು ಬೋಂಡನ್ನ ನೋಡಿದಾಗ ಕೇಳಿದ್ದಳು, "ಒಂದನ್ನೇ ತಂದಿದ್ದೀಯಲ್ಲೋ, ಬೇಜಾರಾಗಲ್ವೇನೋ ಅದಕ್ಕೆ? ಒಂಟಿ ಕರು ನೆಟ್ಟಗೆ ಮೇಯಲ್ಲ." ನಾನಿದ್ದೀನಲ್ಲ ಅಂತ ನಕ್ಕಿದ್ದೆ.

ಗಿನಿಪಿಗ್ ಗುಂಪಿನಲ್ಲಿ ಬದುಕೋ ಪ್ರಾಣಿ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಒಂದನ್ನೇ ಸಾಕೋದು ಕಾನೂನಿಗೆ ವಿರುದ್ಧ, ಕಡೇಪಕ್ಷ ಎರಡಿರಬೇಕು. ಜೋಡಿಯಲ್ಲಿ ಒಂದು ಸತ್ತರೆ ಉಳಿದದ್ದಕ್ಕೆ ಬಾಡಿಗೆಗೆ ಸಂಗಾತಿ ಕೊಟ್ಟವರೂ ಇದ್ದಾರೆ. ಇದನ್ನ ಓದಿದಾಗ ತಮಾಷೆ ಅನ್ನಿಸಬೇಕಿತ್ತು. ಮೂರು ವರ್ಷ ಒಂಬತ್ತು ತಿಂಗಳು ಒಂದು ಜೀವ ತನ್ನ ಭಾಷೆ ಮಾತಾಡೋ ಇನ್ನೊಂದು ಜೀವದ ದನಿ ಕೇಳದೇ ಬದುಕಿತು. ನಾನು ವಾರಕ್ಕೆ ಮೂರು ದಿನ ಆಫೀಸಿಗೆ ಹೋಗೋಕೆ ಶುರುಮಾಡಿದ ಮೇಲೆ, ಹನ್ನೊಂದು ಗಂಟೆ ಕಾಲ ಯಾವ ದನಿಯನ್ನೂ ಕೇಳದೇ.

ಗೊತ್ತಿರಲಿಲ್ಲ ಅಂತ ಹೇಳಬಹುದು. ಹೆಡ್‌ಫೋನ್ ಕೊಳ್ಳೋಕೆ ಮೂರು ದಿನ ರಿವ್ಯೂ ಓದೋ ಮನುಷ್ಯ ನಾನು, ನನ್ನ ಬಾಯಲ್ಲಿ ಆ ಮಾತು ಒಪ್ಪಲ್ಲ. ಇನ್ನೂ ನಿಜ ಹೇಳಬೇಕು ಅಂದರೆ, ಅರ್ಧ ಗೊತ್ತಿತ್ತು. 2021ರಲ್ಲಿ ಯಾವುದೋ ವಿಡಿಯೋದಲ್ಲಿ ಕೇಳಿದ್ದೆ, ಜೋಡಿ ಇರಬೇಕು ಅಂತ. ಆಗ ಮನಸ್ಸಿಗೆ ಬಂದ ಯೋಚನೆ ಏನು ಗೊತ್ತಾ? ಎರಡಾದರೆ ಅವು ಒಂದನ್ನೊಂದು ನೋಡ್ಕೊಂಡು ಇರ್ತವೆ, ನನ್ನ ಕಡೆ ಯಾಕೆ ಬರ್ತವೆ? ಮುಂದಿನ ವಿಡಿಯೋಗೆ ಹೋದೆ. ನನ್ನ ಒಂಟಿತನಕ್ಕೆ ಮದ್ದು ಬೇಕಿತ್ತು, ಆ ಮದ್ದು ಕೆಲಸ ಮಾಡಬೇಕು ಅಂದರೆ ಅವನೂ ಒಂಟಿಯಾಗಿರಬೇಕಿತ್ತು. ಆಂಡಿಸ್‌ನವರು, ನಾರ್ವೆಯ ಡಾಕ್ಟರು ತಮಗೇನು ಬೇಕು ಅಂತ ಮುಚ್ಚಿಡಲಿಲ್ಲ. ನಾನು ಅದಕ್ಕೆ ಪ್ರೀತಿ ಅಂತ ಹೆಸರಿಟ್ಟೆ.

ಪ್ರೀತಿ ಸುಳ್ಳಾಗಿತ್ತಾ ಹಾಗಾದ್ರೆ? ಇಲ್ಲ ಅಂತಲೇ ನನ್ನ ನಂಬಿಕೆ. ಮಧ್ಯರಾತ್ರಿ ಎದ್ದು ಪಂಜರಕ್ಕೆ ಬಟ್ಟೆ ಹೊದಿಸಿದ್ದು, ಚಳಿಗೆ ಟವೆಲ್ ಬಿಸಿ ಮಾಡಿದ್ದು, ಅವೆಲ್ಲ ನಾಟಕ ಅಲ್ಲ. ಆದರೆ ಒಬ್ಬರನ್ನ ನಿಜವಾಗಿ ಪ್ರೀತಿಸ್ತಾ ಅವರಿಗೆ ಬೇಕಾದದ್ದನ್ನೇ ಕೊಡದೇ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿತ್ತೇನೋ, ಮನುಷ್ಯರ ವಿಷಯದಲ್ಲಿ. ಮಗ ಬೆಂಗಳೂರು ಬಿಟ್ಟು ಎಲ್ಲೂ ಹೋಗಬಾರದು ಅನ್ನೋ ಅಪ್ಪಂದಿರನ್ನ ನಾವೆಲ್ಲ ಎಷ್ಟು ಸುಲಭವಾಗಿ ಗುರುತಿಸ್ತೀವಿ.

ಗೆಳೆಯರು, "ಚೆನ್ನಾಗೇ ನೋಡ್ಕೊಂಡೆ ಬಿಡೋ" ಅಂತಾರೆ. ಒಳ್ಳೆಯ ಮನಸ್ಸಿಂದಲೇ ಹೇಳೋದು. ಆದರೆ ಹಾಗೆ ನೆನಪಿಟ್ಟುಕೊಂಡರೆ ನಾನು ನೆನೆಯೋದು ನನ್ನನ್ನೇ, ಅವನನ್ನಲ್ಲ. ತಪ್ಪಾಯ್ತು ತಪ್ಪಾಯ್ತು ಅಂತ ಅಳ್ತಾ ಕೂತರೂ ಅಷ್ಟೇ, ಅಲ್ಲೂ ನಡುವೆ ನಾನೇ. ಬೋಂಡನ್ನ ನೆನೆಯಬೇಕು ಅಂದರೆ ನಾನಿಲ್ಲದ ಹೊತ್ತಿನ ಬೋಂಡನ್ನ ನೆನೆಯಬೇಕು. ಮಧ್ಯಾಹ್ನ ಮೂರು ಗಂಟೆ, ಬೀಗ ಹಾಕಿದ ಮನೆ, ಮೂಲೆಯಲ್ಲಿ ಕೂತಿರೋ ಅವನು. ಆ ಚಿತ್ರ ನನ್ನ ಫೋನಿನಲ್ಲಿರೋ ನೂರಾರು ಫೋಟೋಗಳಲ್ಲಿ ಇಲ್ಲ.

ಆ ಕೂಗು ನನಗಾಗಿತ್ತಾ, ಬರೀ ಕೊತ್ತಂಬರಿಗಾ ಅನ್ನೋದನ್ನ ಅಮ್ಮನ ಹತ್ತಿರ ಕೇಳಿದೆ. "ಹಸು ಅಂಬಾ ಅನ್ನೋದೂ ಹಿಂಡಿಗೇ. ಅದಕ್ಕೇನೀಗ, ಹಾಕೋದು ಬಿಟ್ಬಿಡ್ತೀವಾ?" ಅಂದಳು.

ಹೋದ ಭಾನುವಾರ ಎರಡನೇ ಮಹಡಿಯವರು ಪಂಜರ ಕೇಳೋಕೆ ಬಂದಿದ್ದರು. ಮಗಳ ಹುಟ್ಟುಹಬ್ಬಕ್ಕೆ ಗಿನಿಪಿಗ್ ಕೊಡಿಸ್ತಾರಂತೆ. ಎರಡು ತರೋದಾದ್ರೆ ಕೊಡ್ತೀನಿ ಅಂದೆ, ಯಾಕೆ ಅಂತಲೂ ಹೇಳಿದೆ. ಅವರು ಪಂಜರವನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, "ಎರಡಕ್ಕೆ ಇದು ಚಿಕ್ಕದಾಗಲ್ವಾ?" ಅಂದರು. ಒಂದಕ್ಕೂ ಚಿಕ್ಕದೇ ಆಗಿತ್ತು ಅಂದೆ. ಏನು ಹೇಳಬೇಕೋ ಗೊತ್ತಾಗದೆ, ಕಾಫಿ ಕುಡಿದು ಹೋದರು. ಪಂಜರ ಇನ್ನೂ ಬಾಲ್ಕನಿಯಲ್ಲೇ ಇದೆ.